ಸರಕು ವಾಹನಕ್ಕೆ ಗುಪ್ತ ಸ್ವಿಚ್ಚಿನ ಕಾವಲು

ಅಮರಗೋಳದ ಎಪಿಎಂಸಿ ಪ್ರಾಂಗಣದಲ್ಲಾಗಲಿ, ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಾಗಲಿ ರಾತ್ರಿ ನಿಲ್ಲಿಸಿದ ಸರಕು ವಾಹನವು ಬೆಳಿಗ್ಗೆ ಅಲ್ಲಿಯೇ ಇರುವುದೆಂಬ ನಂಬಿಕೆಯ ಮೇಲೆ ಸಣ್ಣ ಉದ್ಯಮಿಯ ಮರುದಿನದ ವಹಿವಾಟು ನಿಂತಿದೆ. ಪುಣೆ-ಬೆಂಗಳೂರು ಹೆದ್ದಾರಿ ಸಮೀಪದಲ್ಲೇ ಇದೆ. ಕದ್ದವನು ಬೆಳಗಾಗುವುದರೊಳಗೆ ಜಿಲ್ಲೆಯ ಗಡಿ ದಾಟಬಲ್ಲನು. ವಾಹನ ಎಲ್ಲಿ ಹೋಯಿತೆಂಬುದನ್ನು ಜಿಪಿಎಸ್ ತಿಳಿಸೀತು, ಅದೂ ಕಳ್ಳನು ತಂತಿ ಕೀಳದಿದ್ದರೆ. ಹೊರಡದಂತೆ ತಡೆಯಲು ಗುಪ್ತ ಕಟ್-ಆಫ್ ಸ್ವಿಚ್ಚೇ ಲೇಸೆಂಬುದು ನಮ್ಮ ಅಭಿಮತ.

ಸ್ಟಾರ್ಟರಿನ ತಂತಿಗಷ್ಟೇ ಸ್ವಿಚ್ಚು ಹಾಕಿದರೆ ಹಳೆಯ ಡೀಸೆಲ್ ವಾಹನವನ್ನು ಧಾರವಾಡದ ಇಳಿಜಾರಿನಲ್ಲಿ ತಳ್ಳಿ ಚಾಲೂ ಮಾಡಬಹುದು. ಇಂಧನ ಬಿಡಲು ವಿದ್ಯುತ್ ಬೇಡುವ ಸೊಲೆನಾಯ್ಡ್ ಇದ್ದಲ್ಲಿ ಅದನ್ನೇ ಕಡಿತಗೊಳಿಸುವುದು ಉತ್ತಮ. ಆದರೆ ಓಡುವಾಗ ಅಕಸ್ಮಾತ್ ಕೈತಾಗಿ ಎಂಜಿನ್ ನಿಂತರೆ ಪವರ್ ಸ್ಟಿಯರಿಂಗ್ ಬಿಗಿಯಾಗುವುದು, ಬ್ರೇಕಿನ ಬಲವೂ ಕುಂದುವುದು. ಆದುದರಿಂದ ಸ್ವಿಚ್ಚಿನ ಸ್ಥಳವನ್ನು ಯೋಚಿಸಿ ಆರಿಸಬೇಕು. ಎಲೆಕ್ಟ್ರಾನಿಕ್ ಎಂಜಿನ್ನಿನ ಹೊಸ ವಾಹನಕ್ಕೆ ಬೀದಿಬದಿಯ ಕೈಚಳಕ ಸಲ್ಲದು; ವಾರಂಟಿಗೇ ಕುತ್ತು ಬಂದೀತು.

ಒಂದೇ ಗ್ಯಾರೇಜಿನವರು ಎಲ್ಲ ಗಾಡಿಗಳಿಗೂ ಡ್ಯಾಶ್‌ಬೋರ್ಡಿನ ಕೆಳಗೇ ಕೂರಿಸಿದರೆ ಗುಪ್ತವೆಂಬುದು ಹೆಸರಿಗಷ್ಟೇ. ಚಾಲಕನಿಗೂ ತಿಳಿಸದ ಮಾಲೀಕರುಂಟು. ಅಂಕೋಲೆಯ ಹಾದಿಯಲ್ಲಿ ಅರಬೈಲು ಘಟ್ಟದ ನಡುವೆ ಗಾಡಿ ನಿಂತ ದಿನ ಆ ಜಾಣತನದ ಬೆಲೆ ತಿಳಿಯುವುದು.

ಅಳವಡಿಸಿದ ಬಳಿಕ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ರಸೀದಿಯನ್ನು ವಾಹನದ ಎರಡನೆಯ ಕೀಲಿಯೊಡನೆ ಜೋಪಾನವಾಗಿಡಬೇಕು. ಕಳವಿನ ಕ್ಲೇಮಿನ ವೇಳೆ ಎರಡೂ ಕೀಲಿಗಳನ್ನು ಕೇಳುವುದು ವಾಡಿಕೆ.