ಹೊಲದಲ್ಲಿ ನಿಂತವರೇ ಮುಂದಾಳಾಗಲಿ

ಮಣ್ಣು ಆರೋಗ್ಯ ಚೀಟಿ ಯೋಜನೆ ಶುರುವಾದದ್ದು 2015ರಲ್ಲಿ. ನನ್ನ ಹೊಲದ ಚೀಟಿಯೂ ಬಂತು. ಸಾವಯವ ಇಂಗಾಲ ಕಡಿಮೆ ಎಂದು ಅದರಲ್ಲಿತ್ತು. ಓದಿ ಟ್ರಂಕಿನಲ್ಲಿಟ್ಟೆ. ಬದುವಿನಾಚೆಯವರೂ ಹಾಗೆಯೇ ಮಾಡಿದರು. ಚೀಟಿಯಲ್ಲಿ ದೋಷವಿರಲಿಲ್ಲ. ಅದನ್ನು ಮುಂದಿಟ್ಟುಕೊಂಡು ಮಾತನಾಡಲು ರೈತರದೇ ಆದ ಒಂದು ಕೂಟ ನಮ್ಮೂರಲ್ಲಿರಲಿಲ್ಲ.

ಅಂಥ ಕೂಟ ಏನು ಮಾಡಬಲ್ಲದು ಎಂಬುದನ್ನು ಅಮೆರಿಕದ ಉತ್ತರ ಡಕೋಟ ರಾಜ್ಯದ ಬರ್ಲೀ ಕೌಂಟಿಯ ರೈತರು, ದನ ಸಾಕುವವರು ತೋರಿಸಿದ್ದಾರೆ. ಕೌಂಟಿ ಎಂದರೆ ನಮ್ಮ ಜಿಲ್ಲೆಯಿದ್ದಂತೆ. 1930ರ ದಶಕದಲ್ಲಿ ಆ ದೇಶದ ಬಯಲುಸೀಮೆಯಲ್ಲಿ ಹುಲ್ಲುಗಾವಲನ್ನೆಲ್ಲ ಉತ್ತಿದ್ದರು. ಮೇಲೆ ಬರ ಬಿತ್ತು. ಫಲವತ್ತಾದ ಮಣ್ಣು ಧೂಳಾಗಿ ಹಾರಿಹೋಯಿತು. 1937ರಿಂದ ಮಣ್ಣು ಸಂರಕ್ಷಣಾ ಮಂಡಳಿಗಳು ಹುಟ್ಟಿಕೊಂಡವು. ಸ್ಥಳೀಯರನ್ನೇ ಆರಿಸಿ ಅವುಗಳ ಹೊಣೆ ಕೊಟ್ಟರು. ಬರ್ಲೀ ಮಂಡಳಿಯೂ ಅಂಥದೇ.

ಆ ಭಾಗದ ರೈತ ಗೇಬ್ ಬ್ರೌನ್ 1995ರಿಂದ ನಾಲ್ಕು ವರ್ಷ ಆಲಿಕಲ್ಲಿಗೆ, ಬರಕ್ಕೆ ಬೆಳೆ ಕಳೆದುಕೊಂಡರು. ಗೊಬ್ಬರ ಕೊಳ್ಳಲು ದುಡ್ಡಿರಲಿಲ್ಲ. ಉಳುಮೆಯನ್ನು ಅದಕ್ಕೂ ಮೊದಲೇ ಬಿಟ್ಟಿದ್ದರು. ಈಗ ನೆಲಕ್ಕೆ ಹೊದಿಕೆ ಬಿಟ್ಟರು, ಹಲವು ಬೆಳೆ ಬೆರೆಸಿದರು, ದನಗಳನ್ನು ಹೊಲದಲ್ಲೇ ಮೇಯಿಸಿದರು. ಮಣ್ಣು ಚೇತರಿಸಿಕೊಂಡಿತು. 2006ರ ಬರದಲ್ಲಿ ಮಂಡಳಿಯೇ ಒಂದು ಪರೀಕ್ಷೆ ಮಾಡಿತು. ಪಕ್ಕಪಕ್ಕದ ಪಟ್ಟಿಗಳಲ್ಲಿ ಒಂದೊಂದೇ ಬೆಳೆ, ಇನ್ನೊಂದು ಪಟ್ಟಿಯಲ್ಲಿ ಎಲ್ಲವನ್ನೂ ಬೆರೆಸಿ ಬಿತ್ತಿದರು. ಒಂಟಿ ಬೆಳೆಗಳು ಸೊರಗಿದವು, ಬೆರಕೆ ಬೆಳೆ ಹಸಿರಾಗಿ ನಿಂತಿತು. ನೆರೆಯವರಿಗೆ ಬೇರೆ ಉಪನ್ಯಾಸ ಬೇಕಾಗಲಿಲ್ಲ.

ಇದರಲ್ಲಿ ನಮಗೆ ಹೊಸದೇನಿದೆ? ನಮ್ಮ ಹಿರಿಯರು ಜೋಳದ ನಡುವೆ ಅಕ್ಕಡಿ ಸಾಲು ಹಾಕುತ್ತಿದ್ದರು, ಸುಗ್ಗಿ ಮುಗಿದ ಹೊಲದಲ್ಲಿ ಕುರಿ ಮಂದೆ ನಿಲ್ಲಿಸುತ್ತಿದ್ದರು. ನಾವು ಕಳೆದುಕೊಂಡದ್ದು ಆ ಪದ್ಧತಿಯನ್ನಷ್ಟೇ ಅಲ್ಲ, ನೆರೆಯವನ ಹೊಲ ನೋಡಿ ಕಲಿಯುವ ರೂಢಿಯನ್ನೂ. ಇಂದು ನಮ್ಮೂರ ಕಡೆಯ ಕೃಷಿ ಸಭೆಗಳಲ್ಲಿ ವೇದಿಕೆಯ ಮೇಲಿರುವವರು ಮಾತನಾಡುತ್ತಾರೆ, ಬಿತ್ತುವವರು ಕೆಳಗೆ ಕೂತು ಕೇಳುತ್ತಾರೆ. ಕೆಟ್ಟ ಬೆಳೆಯ ಕಥೆ ಯಾರೂ ಹೇಳುವುದಿಲ್ಲ.

ಅಲ್ಲಿಯವರದು ಸಾವಿರಾರು ಎಕರೆ, ನಮ್ಮದು ಎರಡೋ ಮೂರೋ ಎಕರೆ, ನಿಜ. ಜೋಳದ ಕಣಿಕೆಯನ್ನೆಲ್ಲ ನೆಲಕ್ಕೆ ಹೊದಿಸಿದರೆ ಎತ್ತಿಗೆ ಹಾಕುವುದೇನು? ಈ ಪ್ರಶ್ನೆಗೆ ಡಕೋಟದಲ್ಲಿ ಉತ್ತರವಿಲ್ಲ. ಎತ್ತು ಕಟ್ಟಿದವರೇ ಕೂತು ಉತ್ತರ ಹುಡುಕಬೇಕು. ಆದ್ದರಿಂದಲೇ ಅವರ ಬಿತ್ತನೆಯನ್ನು ನಕಲು ಮಾಡೋಣ ಎಂದು ನಾನು ಹೇಳುತ್ತಿಲ್ಲ. ಅವರು ಕೂಟ ಕಟ್ಟಿದ ಬಗೆಯನ್ನು ಕಲಿಯೋಣ ಎನ್ನುತ್ತೇನೆ.

ಶರಣ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಜಮೀನಿರುವ ಪ್ರತಿ ಮಠವೂ ಒಂದು ಎಕರೆಯನ್ನು ಊರ ರೈತರ ಕೂಟಕ್ಕೆ ಬಿಡಲಿ. ಏನು ಬಿತ್ತಬೇಕೆಂದು ಅವರೇ ತೀರ್ಮಾನಿಸಲಿ. ಕೂಟದಲ್ಲಿ ಕುರಿ ಕಾಯುವವರು ಇರಲಿ, ಕಳೆ ತೆಗೆಯುವ ಹೆಣ್ಣುಮಕ್ಕಳೂ ಇರಲಿ. ತಿಂಗಳಿಗೊಮ್ಮೆ ಸಭೆ ಹೊಲದಲ್ಲೇ ಸೇರಲಿ, ಸೋತದ್ದನ್ನೂ ಪುಸ್ತಕದಲ್ಲಿ ಬರೆದಿಡಲಿ. ಕಾಯಕ ಮಾಡುವವರ ಮಾತಿಗೆ ಮೊದಲ ಮಣೆ ಸಿಗಲಿ.

ನಾನೂ ಟ್ರಂಕಿನಿಂದ ಆ ಚೀಟಿ ಹೊರತೆಗೆದಿದ್ದೇನೆ. ಮೊದಲ ಸಭೆಗೆ ಅದನ್ನು ಹಿಡಿದುಕೊಂಡೇ ಬರುತ್ತೇನೆ.