ವೃದ್ಧ ಆಟಗಾರನೂ ಹೊಸ ತಂಡವೂ



ಭದ್ರಾವತಿಯಲ್ಲಿರುವ ನನ್ನ ವೃದ್ಧಮಿತ್ರರೊಬ್ಬರನ್ನು ಅವರ ಮಗನು ಶಿವಮೊಗ್ಗದ ತನ್ನ ಮನೆಗೆ ಕರೆಯುತ್ತಿರುವನು. “ಹಳೆಯ ಮರವನ್ನು ಕಿತ್ತು ನೆಟ್ಟರೆ ಚಿಗುರೀತೆ, ಮೇಷ್ಟ್ರೆ?” ಎಂದು ಅವರು ಕೇಳಿದರು. ಅವರು ಕ್ರಿಕೆಟ್‌ಪ್ರಿಯರಾದುದರಿಂದ ನಾನು ಆಟದ ಮಾತನ್ನೇ ಎತ್ತಿದೆನು.

ಭದ್ರಾವತಿಯಲ್ಲಿ 1949ರಲ್ಲಿ ಜನಿಸಿದ ಜಿ. ಆರ್. ವಿಶ್ವನಾಥರು ರಣಜಿ ಪಂದ್ಯಗಳಲ್ಲಿ ತವರಿನ ತಂಡವನ್ನು ಬಿಟ್ಟವರಲ್ಲ. ಆದರೂ ಅವರ ಟೆಸ್ಟ್ ಆಟವು 1983ರಲ್ಲಿ, ಮೂವತ್ತನಾಲ್ಕು ತುಂಬುವ ಮೊದಲೇ, ಮುಗಿಯಿತು. ರಾಹುಲ್ ದ್ರಾವಿಡರಾದರೋ 2011ರಲ್ಲಿ, ತಮ್ಮ 38ನೆಯ ವಯಸ್ಸಿನಲ್ಲಿ, ಐಪಿಎಲ್ ಪಂದ್ಯಗಳಿಗಾಗಿ ಬೆಂಗಳೂರಿನ ತಂಡದಿಂದ ರಾಜಸ್ಥಾನದ ತಂಡಕ್ಕೆ ಹೋದರು. 2010ರಲ್ಲಿ 256 ಓಟಗಳನ್ನು ಗಳಿಸಿದ್ದವರು 2012ರಲ್ಲಿ 462ನ್ನೂ, ನಾಲ್ವತ್ತು ತುಂಬಿದ ಮೇಲೆ 2013ರಲ್ಲಿ 471ನ್ನೂ ಗಳಿಸಿದರು.

ವಯಸ್ಸು ಕಾಲಿನ ವೇಗವನ್ನು ಕದಿಯುವುದು ನಿಜ. ಚೆಂಡನ್ನಳೆಯುವ ವಿವೇಕವನ್ನು ಅಷ್ಟು ಬೇಗ ಕದಿಯಲಾರದು. ಹೊಸ ತಂಡವು ಅವರಿಗೆ ಆರಂಭದ ಆಟಗಾರನ ಸ್ಥಾನವನ್ನೂ 2012ರಿಂದ ನಾಯಕತ್ವವನ್ನೂ ಕೊಟ್ಟಿತು. ಇಬ್ಬರ ನಿದರ್ಶನದಿಂದ ನಿಯಮವನ್ನು ಕಟ್ಟಲಾಗದು. ಆದರೆ ವಯೋಧರ್ಮದ ಇಳಿತವನ್ನೆಲ್ಲ ಸ್ಥಾನಾಂತರದ ತಲೆಗೆ ಕಟ್ಟುವುದು ನ್ಯಾಯವಲ್ಲವೆಂಬಷ್ಟು ಇದರಿಂದ ತಿಳಿಯುವುದು.

ಆದಕಾರಣ ಆ ಮಗನಿಗೆ ನಾನು ಬರೆದುದಿಷ್ಟೆ: “ಅಪ್ಪನವರ ಮಂಚಕ್ಕೆ ಮೂಲೆಯನ್ನು ಹುಡುಕುವ ಮೊದಲು ಮೊಮ್ಮಕ್ಕಳ ಪಾಠವನ್ನು ಅವರಿಗೆ ಒಪ್ಪಿಸು.”

ಮಿತ್ರರು ಇನ್ನೂ ಒಪ್ಪಿಲ್ಲ. ಆದರೆ ಮೊಮ್ಮಗನು ಯಾವ ತರಗತಿಯಲ್ಲಿರುವನೆಂದು ನಿನ್ನೆ ವಿಚಾರಿಸಿದರಂತೆ.