ಮುಡ್ಲಿಯ ಹೆಸರು ಮೊದಲು ನಮ್ಮ ಪಂಚಾಯಿತಿ ಪುಸ್ತಕ ಸೇರಲಿ

ಕ್ಯಾಸಲ್‌ರಾಕ್, ಜೋಯಿಡಾ ಭಾಗದ ಬಂಧುಗಳೇ,

ಪೋರ್ಚುಗೀಸರ ಕಾಲದಲ್ಲಿ ಕ್ಯಾಸಲ್‌ರಾಕ್ ಗಡಿ ಸ್ಟೇಷನ್ನು; ಗೋವಾಕ್ಕೆ ಹೋಗಿಬರುವ ಸಾಮಾನಿಗೆ ಇಲ್ಲಿ ಸುಂಕದ ತಪಾಸಣೆ ಇತ್ತು. ಇವತ್ತು ಒಂದು ಬೀಜದ ಗೆಡ್ಡೆ, ಅದರ ಜೊತೆಗೆ ಅದನ್ನು ಬೆಳೆಯುವ ತಿಳಿವಳಿಕೆ ಊರು ದಾಟಿದರೆ ಕೇಳುವವರಿಲ್ಲ. ಕುಣಬಿಗಳ ಹಿತ್ತಿಲಲ್ಲಿ ಮುಡ್ಲಿ, ಕೋನ, ಕಣಗ ಎಂಬ ಗೆಡ್ಡೆಗಳು ಉಳಿದಿರುವುದು ವರ್ಷ ವರ್ಷವೂ ಬೀಜಕ್ಕೆಂದು ಗೆಡ್ಡೆ ತೆಗೆದಿಟ್ಟು, ನೆಂಟರಿಷ್ಟರಿಗೆ ಹಂಚಿದ್ದರಿಂದ. ಈ ತಳಿಗಳನ್ನು ಕಂಡುಹಿಡಿದವರ ಹೆಸರಿಲ್ಲ, ತಾರೀಖಿಲ್ಲ. ಪೇಟೆಂಟ್ ಕಚೇರಿ ಕೇಳುವುದು ಇವೆರಡನ್ನೇ.

ಈ ಲೆಕ್ಕಾಚಾರ ನಮ್ಮ ಮನೆಬಾಗಿಲಿಗೆ ಬಂದದ್ದು 1995ರ ಜನವರಿ 1ರಂದು, ಬೌದ್ಧಿಕ ಆಸ್ತಿ ಕುರಿತ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದದ ಜೊತೆ. ಅದರ 27.3(ಬಿ) ವಿಧಿಯ ಪ್ರಕಾರ ಸದಸ್ಯ ದೇಶಗಳು ಸಸ್ಯ ತಳಿಗಳಿಗೆ ಪೇಟೆಂಟ್ ಕೊಡಬೇಕು, ಇಲ್ಲವೇ ತಮ್ಮದೇ ಪರಿಣಾಮಕಾರಿ ವ್ಯವಸ್ಥೆ ಮಾಡಿಕೊಳ್ಳಬೇಕು. ತಳಿ ತಯಾರಕರ ಹಕ್ಕಿಗೆಂದೇ 1961ರಲ್ಲಿ ಹುಟ್ಟಿದ ಯುಪೋವ್ ಒಕ್ಕೂಟಕ್ಕೆ ಭಾರತ ಸೇರಲಿಲ್ಲ. 2001ರಲ್ಲಿ ಸಸ್ಯ ತಳಿಗಳಿಗೆ ಸ್ವಂತ ಕಾಯ್ದೆ ಮಾಡಿತು. ಬ್ರ್ಯಾಂಡ್ ಹೆಸರು ಹಾಕದೆ ಬೀಜವನ್ನು ಉಳಿಸುವ, ಬಿತ್ತುವ, ಹಂಚುವ, ಮಾರುವ ಹಕ್ಕನ್ನು ಅದರ 39ನೇ ಕಲಮು ರೈತನಿಗೆ ಉಳಿಸಿಕೊಟ್ಟಿತು. ಇದು ಯಾರೋ ದಯಪಾಲಿಸಿದ್ದಲ್ಲ. ಟ್ರಿಪ್ಸ್ ಒಪ್ಪಂದಕ್ಕೆ ದಾರಿ ಮಾಡಿದ ಡಂಕೆಲ್ ಕರಡಿನ ವಿರುದ್ಧ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ 1993ರಲ್ಲಿ ಬೆಂಗಳೂರಿನಲ್ಲಿ ರೈತರನ್ನು ಸೇರಿಸಿದ್ದೂ ಅದರ ಹಿಂದಿದೆ. ವಿಶ್ವ ವ್ಯಾಪಾರ ಸಂಸ್ಥೆಯ ನಿಯಮದಲ್ಲಿ ಸಂದಿ ಇರುತ್ತದೆ. ಅದು ಯಾರ ಪಾಲಾಗುತ್ತದೆ ಎಂಬುದು ಇಲ್ಲಿ ಗದ್ದಲ ಮಾಡುವವರ ಮೇಲಿದೆ.

2024ರ ಮೇ 24ರಂದು ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ ಇನ್ನೊಂದು ಒಪ್ಪಂದವನ್ನು ಅಂಗೀಕರಿಸಿತು. ಪೇಟೆಂಟ್ ಕೇಳುವವರು ಗಿಡ ಎಲ್ಲಿಯದು, ತಿಳಿವಳಿಕೆ ಯಾರದ್ದು ಎಂದು ಹೇಳಬೇಕಂತೆ. ಒಳ್ಳೆಯದೇ. ಆದರೆ ಹೇಳಲಿಲ್ಲ ಎಂಬ ಒಂದೇ ಕಾರಣಕ್ಕೆ, ಮೋಸದ ಉದ್ದೇಶ ಇಲ್ಲದಿದ್ದರೆ, ಪೇಟೆಂಟ್ ರದ್ದಾಗುವುದಿಲ್ಲ. ಭಾರತದ ಸಾಂಪ್ರದಾಯಿಕ ಜ್ಞಾನ ಡಿಜಿಟಲ್ ಗ್ರಂಥಾಲಯದಲ್ಲಿ ಮುಖ್ಯವಾಗಿ ಇರುವುದು ಆಯುರ್ವೇದ, ಯುನಾನಿ, ಸಿದ್ಧದಂಥ ಗ್ರಂಥಸ್ಥ ಜ್ಞಾನ. ಅಜ್ಜಿಯ ಬಾಯಲ್ಲಿರುವುದಕ್ಕೆ ಅಲ್ಲಿ ಜಾಗ ಎಲ್ಲಿ?

ಜಿಐ (ಭೌಗೋಳಿಕ ಸೂಚಕ) ಟ್ಯಾಗ್ ತಂದರಾಯಿತಲ್ಲ ಎನ್ನುವವರಿದ್ದಾರೆ. 2019ರಲ್ಲಿ ಶಿರಸಿ ಸುಪಾರಿಗೆ ಅದು ಸಿಕ್ಕಿದೆ, ಸಂತೋಷ. ಆದರೆ ಜಿಐ ಕಾಯುವುದು ಹೆಸರನ್ನು, ಗೆಡ್ಡೆಯನ್ನಲ್ಲ. ಬೇರೆ ಹೆಸರಿಟ್ಟು ಬೆಳೆದರೆ ಅದು ಸುಮ್ಮನಿರುತ್ತದೆ. (ಟ್ರಿಪ್ಸ್‌ನಲ್ಲಿ ವೈನು, ಮದ್ಯದ ಹೆಸರುಗಳಿಗೆ ಬೇರೆ ಸರಕಿಗಿಂತ ಗಟ್ಟಿ ಬೇಲಿ. ಯುರೋಪಿನ ದ್ರಾಕ್ಷಿಗೆ ಒಂದು, ಮಲೆನಾಡಿನ ಅಡಿಕೆಗೆ ಒಂದು!) ಪಂಚಾಯಿತಿ ಪುಸ್ತಕದಲ್ಲಿ ಬರೆದಿಟ್ಟರೆ ಕಳ್ಳರಿಗೇ ದಾರಿ ತೋರಿಸಿದಂತೆ ಎಂಬ ಆಕ್ಷೇಪ ಇನ್ನೂ ತೂಕದ್ದು. ಆದರೆ 1995ರಲ್ಲಿ ಅಮೆರಿಕದಲ್ಲಿ ಅರಿಶಿನದ ಗಾಯ ಮಾಗಿಸುವ ಗುಣಕ್ಕೆ ಕೊಟ್ಟ ಪೇಟೆಂಟನ್ನು 1997ರಲ್ಲಿ ಬೀಳಿಸಿದ್ದು ನಮ್ಮವರು ಒದಗಿಸಿದ ಹಳೆಯ ಬರಹಗಳೇ. ಮನೆಮನೆಯ ಬಳಕೆ ಎಂಬ ಬಾಯಿಮಾತಷ್ಟೇ ಅಲ್ಲಿ ಸಾಕಾಗುತ್ತಿರಲಿಲ್ಲ. ಹಾಗಾಗಿ ಗೆಡ್ಡೆಯ ಹೆಸರು, ಬೆಳೆಯುವ ಊರು, ಉಳಿಸಿದ ಸಮುದಾಯವನ್ನು ಬರೆಯೋಣ. ಮದ್ದಿನ ಗುಟ್ಟನ್ನು ಬರೆಯಬೇಕೋ ಬೇಡವೋ ಎಂಬುದನ್ನು ಆ ಸಮುದಾಯವೇ ಹೇಳಲಿ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಕಲಮಿನಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ವ್ಯಾಪಾರಕ್ಕೆಂದು ಒಯ್ಯುವವರಿಂದ ಶುಲ್ಕ ವಸೂಲಿ ಮಾಡುವ ಅಧಿಕಾರವೂ ಅದಕ್ಕಿದೆ. ಮುಂದಿನ ಗ್ರಾಮಸಭೆಗೆ ಪ್ರತಿ ಮನೆಯವರೂ ತಮ್ಮ ಹಿತ್ತಿಲಿನ ಒಂದೊಂದು ಗೆಡ್ಡೆ ಹಿಡಿದು ಬನ್ನಿ. ಸಮಿತಿಯ ಜೀವವೈವಿಧ್ಯ ದಾಖಲಾತಿ ಪುಸ್ತಕ ಮೇಜಿನ ಮೇಲಿಡಿಸಿ, ಅದರಲ್ಲಿ ಆ ಗೆಡ್ಡೆ ಇದೆಯೇ ಎಂದು ಪುಟ ತೆಗೆಸಿ ಓದಿಸಿ. ಇಲ್ಲದಿದ್ದರೆ ಅಲ್ಲೇ ಬರೆಸಿ.